ಮೊದಲ ಡ್ರಮ್ಮಿನ ಪುಡಿ

ಉಮ್ಮೆ ಕುಲ್ಸುಂ ಸಂಶೋಧನೆಗೆ ಸೇರಿದ ವರ್ಷ ಅವಳ ತಂದೆ ಗಯಾಜ್ ಸಾಹೇಬರು ರಸೆಲ್ ಮಾರುಕಟ್ಟೆಯ ತಮ್ಮ ಮಾಂಸದಂಗಡಿಯಲ್ಲಿ ಒಂದು ಹೊಸ ರೂಢಿ ಶುರುಮಾಡಿದರು. ಕುರಿಯ ಕಾಲು ಬಿಡಿಸುವಾಗ, ಮಾಂಸವನ್ನು ಮೂಳೆಗೆ ಬಿಗಿದಿಡುವ ಬಿಳಿ ಹುರಿಯಂಥ ನರಗಳನ್ನು ಬೇರೆ ತೆಗೆದು, ಮಂಜುಗಡ್ಡೆ ತುಂಬಿದ ಡಬ್ಬಿಗೆ ಹಾಕಿಡುತ್ತಿದ್ದರು. ಪಕ್ಕದ ಅಂಗಡಿಯವರು ಕೇಳಿದರೆ ಮಗಳ ಕಾಲೇಜಿಗೆ ಎನ್ನುತ್ತಿದ್ದರು. ಎಂ.ಎಸ್ಸಿ. ಮುಗಿಸಿದ ಹುಡುಗಿ ಇನ್ನೂ ಕಾಲೇಜಿಗೆ ಹೋಗುವುದೇಕೆ, ಅದಕ್ಕೆ ಕುರಿಯ ನರವೇಕೆ ಎಂದು ಸಾಹೇಬರಿಗೂ ಪೂರ್ತಿ ತಿಳಿದಿರಲಿಲ್ಲ. ಆದರೂ ಏಳು ವರ್ಷ ಒಂದು ದಿನವೂ ಡಬ್ಬಿ ತಪ್ಪಲಿಲ್ಲ.

ಆ ಡಬ್ಬಿ ಹಿಡಿದು ಕುಲ್ಸುಂ ಶಿವಾಜಿನಗರದಲ್ಲಿ ಬಸ್ಸು ಹತ್ತಿ, ಹಲಸೂರು ದಾಟಿ, ಇಂದಿರಾನಗರದ ಅಂಚಿನಲ್ಲಿದ್ದ ಸಣ್ಣ ಸಂಶೋಧನಾ ಸಂಸ್ಥೆಗೆ ಹೋಗುತ್ತಿದ್ದಳು. ಕುರಿಯ ಆ ನರದ ತುಂಬ ಕೊಲಾಜೆನ್ ಇರುತ್ತದೆ. ಚರ್ಮ, ಮೂಳೆ ಎಲ್ಲವನ್ನೂ ಹಿಡಿದು ನಿಲ್ಲಿಸುವ ಪ್ರೋಟೀನು ಅದು. ಮೂರು ಎಳೆ ಸೇರಿಸಿ ಹೆಣೆದ ಜಡೆಯಂಥ ಉದ್ದನೆಯ ಅಣು. ಅದನ್ನು ಹುಳಿನೀರಿನಲ್ಲಿ ಕರಗಿಸಿ ತೆಗೆದು, ಕಾರ್ಖಾನೆಯಲ್ಲಿ ತಯಾರಾಗುವ ಪಾಲಿವಿನೈಲ್ ಆಲ್ಕೊಹಾಲ್ ಎಂಬ ಬಿಳಿ ಪುಡಿಯೊಂದಿಗೆ ಬೆರೆಸಿ, ಸುಟ್ಟ ಗಾಯದ ಮೇಲೆ ಹಾಸುವ ತೆಳುವಾದ ಹಾಳೆ ಮಾಡುವುದು ಅವಳ ಕೆಲಸ. ಆ ಪುಡಿಯ ಅಣುವೂ ಉದ್ದವೇ, ಆದರೆ ಮನುಷ್ಯ ಮಾಡಿದ್ದು. ಬರೀ ಕೊಲಾಜೆನ್ ಹಾಸಿದರೆ ಗಾಯದಲ್ಲಿ ಎರಡೇ ದಿನಕ್ಕೆ ಕರಗಿಹೋಗುತ್ತಿತ್ತು. ಬರೀ ಪುಡಿಯ ಹಾಳೆಯನ್ನು ಮೈ ಹತ್ತಿರ ಸೇರಿಸುತ್ತಿರಲಿಲ್ಲ. ಎರಡೂ ಹದವಾಗಿ ಕೂಡಿದರೆ ಅದರಡಿಯಲ್ಲಿ ಹೊಸ ಚರ್ಮ ಬರಬಹುದು ಎಂಬುದು ಅವಳ ಗೈಡ್ ಡಾಕ್ಟರ್ ಭಗವಂತರಾಯರ ನಂಬಿಕೆ.

೧೯೯೭ರಲ್ಲಿ ಆ ನಂಬಿಕೆ ನಿಜವಾಯಿತು. ಬೆನ್ನಿನ ಮೇಲೆ ಸುಟ್ಟ ಗಾಯವಿದ್ದ ಇಲಿಗಳು ತಾವಾಗಿಯೇ ವಾಸಿಯಾಗಲು ಇಪ್ಪತ್ತನಾಲ್ಕು ದಿನ ಬೇಕಿತ್ತು. ಹಾಳೆ ಹಾಸಿದವಕ್ಕೆ ಹದಿಮೂರು ದಿನ ಸಾಕಾಯಿತು. ಮೂರು ಸಲ ಮಾಡಿ ನೋಡಿದರು, ಮೂರು ಸಲವೂ ಅಷ್ಟೇ. ಇಲಿಗಳ ಪಂಜರ ತೊಳೆಯುವ ಅಟೆಂಡರ್ ಮಾನಪ್ಪ ಅವುಗಳ ಬೆನ್ನಿನ ಮೇಲೆ ಎಳೆಯ ಚರ್ಮ ಹೊಳೆಯುವುದನ್ನು ಎಲ್ಲರಿಗಿಂತ ಮೊದಲು ಕಂಡು, ಓಡಿಬಂದು ಕುಲ್ಸುಂಳನ್ನು ಕರೆದಿದ್ದ. ಯಾದಗಿರಿ ಕಡೆಯ ಅವನು ಹೊರಮಾವಿನಲ್ಲಿ ಶೀಟಿನ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ. ಅವನ ಹೆಂಡತಿ ಜಟ್ಟೆಮ್ಮ ಅಲ್ಲೇ ಅಪಾರ್ಟ್‌ಮೆಂಟ್ ಕಟ್ಟುವಲ್ಲಿ ಸಿಮೆಂಟು ಹೊರುತ್ತಿದ್ದಳು. ಒಮ್ಮೆ ಗಂಡನಿಗೆ ಬುತ್ತಿ ಕೊಡಲು ಬಂದವಳು ಪಂಜರಗಳ ಮುಂದೆ ಬಹಳ ಹೊತ್ತು ನಿಂತು, ಇಲಿಗೂ ಇಷ್ಟು ಉಪಚಾರವೇ ಎಂದು ಸೆರಗು ಬಾಯಿಗಿಟ್ಟು ನಕ್ಕಿದ್ದಳು. ಆಮೇಲೆ ಆಗಾಗ ಮಾನಪ್ಪನ ಬುತ್ತಿಯಲ್ಲಿ ಕುಲ್ಸುಂಳಿಗೆಂದು ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬರತೊಡಗಿತು.

ಮರುವರ್ಷ ಹಾಳೆಯ ಕುರಿತ ಪ್ರಬಂಧ ವಿದೇಶದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಪುಡಿಯ ಡ್ರಮ್ಮು ಖಾಲಿಯಾಯಿತು.

ಅದನ್ನು ಕಳಿಸಿದ್ದ ಕಾರ್ಖಾನೆ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಬೇರೆ ಕಂಪನಿಯಿಂದ ಅದೇ ಹೆಸರಿನ, ಅದೇ ದರ್ಜೆಯ ಪುಡಿ ತರಿಸಿದರು. ಕುಲ್ಸುಂ ಎಂದಿನಂತೆ ಹಾಳೆ ಎರೆದಳು. ನೋಡಲು ಅದೇ ಹಾಳೆ, ಬೆಳಕಿಗೆ ಹಿಡಿದರೆ ಅದೇ ಹೊಳಪು. ಇಲಿಯ ಬೆನ್ನಿಗೆ ಹಾಕಿದರೆ ಮೂರನೆಯ ದಿನ ಲೋಳೆಯಾಗಿ ಹರಿದು, ಅಡಿಯಲ್ಲಿ ಕೀವು ಕಟ್ಟುತ್ತಿತ್ತು. ತನ್ನ ಕೈಯಲ್ಲೇ ತಪ್ಪಾಗಿದೆ ಎಂದುಕೊಂಡು ಮೊದಲಿನಿಂದ ಮಾಡಿದಳು. ಹುಳಿ ಬದಲಿಸಿದಳು, ನೀರು ಬದಲಿಸಿದಳು, ಅಬ್ಬಾನ ಅಂಗಡಿ ಬಿಟ್ಟು ಬೇರೆ ಕಡೆಯಿಂದ ನರ ತಂದು ನೋಡಿದಳು. ಅಣುವಿನ ಎಳೆ ಎಷ್ಟು ಉದ್ದವಿದೆ ಎಂದು ತಿಳಿಯಲು, ದ್ರಾವಣವು ಸಪೂರ ಗಾಜಿನ ಕೊಳವೆಯಲ್ಲಿ ಇಳಿಯುವ ಹೊತ್ತನ್ನು ಅಳೆಯುವುದು ವಾಡಿಕೆ. ಹಳೆಯ ಪುಡಿಗೆ ನೂರಾ ಹದಿನೆಂಟು ಸೆಕೆಂಡು ಎಂದು ನೋಟ್‌ಬುಕ್ಕಿನಲ್ಲಿ ಬರೆದಿತ್ತು. ಹೊಸದಕ್ಕೂ ನೂರಾ ಹದಿನೆಂಟು.

ಭಗವಂತರಾಯರು ಅದನ್ನು ಹೀಗೆ ವಿವರಿಸಿದರು: ಕೊಳವೆ ಹೇಳುವುದು ಸರಾಸರಿಯನ್ನು ಮಾತ್ರ. ಹಳೆಯ ಪುಡಿಯಲ್ಲಿ ತೀರ ಗಿಡ್ಡ ಎಳೆ, ತೀರ ಉದ್ದನೆಯ ಎಳೆ ಕಲೆತಿದ್ದಿರಬೇಕು. ಹೊಸ ಕಾರ್ಖಾನೆ ಚೆನ್ನಾಗಿ ಕೆಲಸ ಮಾಡಿ ಎಲ್ಲವನ್ನೂ ಸಮ ಮಾಡಿಬಿಟ್ಟಿದೆಯೇನೋ. ಅಥವಾ ಹಳೆಯದರಲ್ಲಿ ಏನೋ ಕಲಬೆರಕೆ ಇದ್ದು, ಅದೇ ಕೆಲಸ ಮಾಡಿರಬಹುದು. ಎಳೆಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ತೋರಿಸುವ ಯಂತ್ರ ಪುಣೆಯಲ್ಲಿತ್ತು. ಹಳೆಯ ಪುಡಿ ಒಂದು ಚಿಟಿಕೆಯೂ ಉಳಿದಿರಲಿಲ್ಲ. ಆದರೆ ಹಳೆಯ ಪುಡಿಯಿಂದ ಮಾಡಿದ ಐದು ಹಾಳೆ, ಊಟದ ತಟ್ಟೆಯಷ್ಟು ಅಗಲದವು, ತೇವ ತಾಗದಂತೆ ಗಾಜಿನ ಪಾತ್ರೆಯಲ್ಲಿ ಮುಚ್ಚಿಟ್ಟಿದ್ದವು. ಒಂದೂವರೆ ವರ್ಷ ಪತ್ರ ಬರೆದೂ ಬರೆದೂ ಕೊನೆಗೆ ಪುಣೆಯವರು ೨೦೦೦ದ ಮಾರ್ಚ್ ತಿಂಗಳಲ್ಲಿ ಸಮಯ ಕೊಟ್ಟರು. ಹಾಳೆಗಳನ್ನು ಕಳಿಸುವ ವಾರವೇ ಹೊರಮಾವಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಸಿಡಿದು ಜಟ್ಟೆಮ್ಮನ ಮೈ ಸುಟ್ಟಿತು.

ಮರುದಿನ ಬೆಳಿಗ್ಗೆ ಮಾನಪ್ಪ ಆಸ್ಪತ್ರೆಯಿಂದ ನೇರ ಪ್ರಯೋಗಾಲಯಕ್ಕೆ ಬಂದ. ಅವನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಮೈ ಅರ್ಧಕ್ಕರ್ಧ ಸುಟ್ಟಿದೆ, ಎದೆ, ಹೊಟ್ಟೆ, ಎರಡೂ ಕೈ ಎಂದ. ಆಮೇಲೆ ಗಾಜಿನ ಪಾತ್ರೆಯ ಕಡೆ ನೋಡಿದ.

"ಇಲಿಗೆ ವಾಸಿ ಆಗಿದ್ದು ನಾ ಕಣ್ಣಾರೆ ನೋಡೀನ್ರಿ ಮೇಡಂ. ಆ ಹಳೀ ಹಾಳಿ ಐದು ಅದಾವಲ್ರಿ. ಅಷ್ಟ ಕೊಡ್ರಿ."

"ಮನುಷ್ಯರ ಮೇಲೆ ಅದನ್ನ ಒಂದ್ಸಲಾನೂ ಹಾಕಿಲ್ಲ ಮಾನಪ್ಪ. ಇನ್ನೂ ಜಾಸ್ತಿ ಆಗ್ಬಿಟ್ರೆ?"

"ಉಳಿಯೂದು ಕಷ್ಟ ಅಂತ ಡಾಕ್ಟರೇ ಹೇಳ್ಯಾರ್ರಿ. ಇನ್ನ ಜಾಸ್ತಿ ಆಗೂದು ಏನದರಿ?"

ಭಗವಂತರಾಯರು ದೆಹಲಿಯ ಮೀಟಿಂಗಿಗೆ ಹೋಗಿದ್ದರು. ಫೋನ್ ಮಾಡಬಹುದಿತ್ತು, ನಂಬರು ಮೇಜಿನ ಮೇಲೆಯೇ ಇತ್ತು. ಬೇಡ ಎನ್ನುತ್ತಾರೆಂದು ಗೊತ್ತಿದ್ದುದರಿಂದಲೇ ಕುಲ್ಸುಂ ಮಾಡಲಿಲ್ಲ. ಹಾಳೆಗಳನ್ನು ನೇರಳಾತೀತ ದೀಪದಡಿ ಒಂದೊಂದು ಬದಿಗೆ ಅರ್ಧ ಗಂಟೆ ಇಟ್ಟು, ಸೋಂಕು ಕಳೆದು, ಕುದಿಸಿದ ಡಬ್ಬಿಯಲ್ಲಿ ಹಾಕಿಕೊಂಡಳು. ಪ್ರಬಂಧದ ಒಂದು ಪ್ರತಿಯನ್ನೂ ಚೀಲಕ್ಕೆ ಸೇರಿಸಿಕೊಂಡು ಅವನ ಜೊತೆ ಹೊರಟಳು.

ಸುಟ್ಟವರ ವಾರ್ಡಿನಲ್ಲಿ ಮಂಚಗಳು ಸಾಲದೆ ನೆಲದ ಮೇಲೂ ಹಾಸಿಗೆ ಹಾಕಿದ್ದರು. ಡ್ಯೂಟಿಯಲ್ಲಿದ್ದ ಡಾಕ್ಟರು ಕುಲ್ಸುಂಳ ವಯಸ್ಸಿನವಳೇ. ಪ್ರಬಂಧವನ್ನು ನಿಂತಲ್ಲೇ ಓದಿದಳು, ಚಿತ್ರಗಳನ್ನು ಎರಡೆರಡು ಸಲ ನೋಡಿದಳು.

"ನಾನು ಹಾಕಿ ಅಂತ ಹೇಳಲ್ಲ. ಬೇಡ ಅಂತಾನೂ ಹೇಳಲ್ಲ. ಈಗ ಟೀ ಕುಡಿಯೋಕೆ ಹೋಗ್ತಿದೀನಿ, ಇಪ್ಪತ್ತು ನಿಮಿಷ ಆಗುತ್ತೆ" ಎಂದು ಹೋದಳು.

ಇಪ್ಪತ್ತು ನಿಮಿಷದಲ್ಲಿ ಐದು ಹಾಳೆ ಹಾಸಬೇಕಿತ್ತು. ನರ್ಸ್ ಒಬ್ಬಳು ಗಾಯ ತೊಳೆದುಕೊಟ್ಟಳು. ಜಟ್ಟೆಮ್ಮ ಎಚ್ಚರವಿದ್ದಳು. ಯಾರೆಂದು ಗುರುತು ಹಿಡಿದು, ರೊಟ್ಟಿ ಕಳಿಸಿ ಬಹಳ ದಿನವಾಯಿತು ಎಂದಳು. ಎಡಗೈಗೆ ಮೂರು ಹಾಳೆ, ಎದೆಯ ಮೇಲ್ಭಾಗಕ್ಕೆ ಎರಡು; ಅಷ್ಟಕ್ಕೇ ಮುಗಿಯಿತು. ಮೊಣಕೈ ಬಳಿ ಸರಿಯಾಗಿ ಕೂರಲೆಂದು ಕುಲ್ಸುಂ ಕತ್ತರಿಯಿಂದ ಅಂಚು ಕತ್ತರಿಸಿದಳು. ಕತ್ತರಿಸಿದ ತುಂಡುಗಳು ಮಂಚದ ಪಕ್ಕದ ಬಕೆಟ್ಟಿಗೆ ಬಿದ್ದವು. ಅವಳ ಗಮನ ಪೂರ್ತಿ ಮೊಣಕೈಯ ಮೇಲಿತ್ತು.

ಮೂರನೆಯ ದಿನ ಆ ಡಾಕ್ಟರು ಕುಲ್ಸುಂಳನ್ನು ಬದಿಗೆ ಕರೆದು, ಎಡಗೈ ತೋರಿಸಿದಳು. ಹಾಳೆ ಗಾಯಕ್ಕೆ ಅಂಟಿ ಕೂತಿತ್ತು. ಅದರ ಮೂಲಕ ಕಾಣುತ್ತಿದ್ದ ಮಾಂಸ ಚೊಕ್ಕಟವಾಗಿ, ನಸುಗೆಂಪಗೆ ಇತ್ತು. ಬಲಗೈ ಊದಿ, ಹಸಿರು ಬಣ್ಣದ ಕೀವು ಕಟ್ಟಿತ್ತು. ಎಡಗೈ ಅಷ್ಟು ಆಳವಾಗಿ ಸುಟ್ಟಿರಲಿಕ್ಕಿಲ್ಲ, ಖಚಿತವಾಗಿ ಏನೂ ಹೇಳಲಾಗದು ಎಂದೂ ಡಾಕ್ಟರು ಸೇರಿಸಿದಳು. ಆಮೇಲೆ, ಇನ್ನೂ ಇದೆಯೇ ಎಂದು ಕೇಳಿದಳು. ಕುಲ್ಸುಂ ಇಲ್ಲವೆಂದಳು. ಪುಡಿಯ ಡ್ರಮ್ಮು ಖಾಲಿಯಾದ ಮೇಲೆ ಅವಳಿಗೆ ಅಷ್ಟು ಸಂತೋಷವಾದ ಗಳಿಗೆ ಬೇರೆ ಇರಲಿಲ್ಲ.

ಸೋಮವಾರ ಭಗವಂತರಾಯರು ಬಂದರು. ಕುಲ್ಸುಂ ಏನನ್ನೂ ಮುಚ್ಚಿಡದೆ ಹೇಳಿದಳು. ಅವರು ಎದ್ದುಹೋಗಿ ಗಾಜಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಬಂದು ಕೂತರು. ಬೈಯಲಿಲ್ಲ. ಅವರ ಊರು ಕಲಬುರ್ಗಿ. ಮಾನಪ್ಪನನ್ನು ಕೆಲಸಕ್ಕೆ ಸೇರಿಸಿದ್ದವರೂ ಅವರೇ.

"ಹಾಕಿದ್ದು ತಪ್ಪು ಅಂತ ನಾನು ಹೇಳೋದಿಲ್ಲ" ಎಂದರು. "ಆದರೆ ಕುಲ್ಸುಂ, ಒಂದು ತುಂಡು ಉಳಿಸ್ಕೊಳ್ಳಬಾರದಿತ್ತೇ? ಪುಣೆಗೆ ಉಗುರಿನಷ್ಟು ಸಾಕಾಗಿತ್ತು."

ಅದು ಅವಳಿಗೂ ಗೊತ್ತಿದ್ದ ಸಂಗತಿ. ಯಂತ್ರಕ್ಕೆ ಎಷ್ಟು ಬೇಕೆಂದು ಪುಣೆಗೆ ಪತ್ರ ಬರೆದು ವಿಚಾರಿಸಿದವಳೇ ಅವಳು. ಆಗ ನೆನಪಾಯಿತು ಬಕೆಟ್ಟು. ಆಟೋ ಹಿಡಿದು ಆಸ್ಪತ್ರೆಗೆ ಹೋದಳು. ಬಕೆಟ್ಟು ಅಲ್ಲೇ ಇತ್ತು, ಫಿನಾಯಿಲ್ ಹಾಕಿ ತೊಳೆದಿದ್ದರು. ಕಸ ಎಲ್ಲಿಗೆ ಹೋಗುತ್ತದೆಂದು ಆಯಾಳನ್ನು ಕೇಳಿದಳು. ದಿನಾ ಹಿತ್ತಿಲಲ್ಲಿ ಸುಡುತ್ತೇವೆ ಎಂದಳು ಆಯಾ. ಕುಲ್ಸುಂ ಹಿತ್ತಿಲಿಗೂ ಹೋಗಿ, ಬೂದಿಯ ಗುಂಡಿಯನ್ನು ಕೋಲಿನಿಂದ ಕೆದಕಿ ನೋಡಿ ಬಂದಳು.

ಜಟ್ಟೆಮ್ಮ ಒಂಬತ್ತನೆಯ ದಿನ ಮಧ್ಯಾಹ್ನ ತೀರಿಕೊಂಡಳು. ನಂಜು ರಕ್ತಕ್ಕೆ ಸೇರಿತ್ತು. ಸುದ್ದಿ ಬಂದಾಗ ಕುಲ್ಸುಂ ಪ್ರಯೋಗಾಲಯದಲ್ಲಿದ್ದಳು. ಹೊರಡುವ ಮುಂಚೆ ಅವಳು ಒಂದು ಚಿಮಟ, ಬೂಚು ಹಾಕಿದ ಒಂದು ಸಣ್ಣ ಸೀಸೆ ತೆಗೆದು ಚೀಲಕ್ಕೆ ಹಾಕಿಕೊಂಡಳು. ಕೈಗೆ ಹಾಸಿದ ಹಾಳೆಯ ಕೊಲಾಜೆನ್ ಅಷ್ಟರಲ್ಲಿ ಕರಗಿರುತ್ತದೆ, ಆದರೆ ಪುಡಿಯ ಎಳೆಗಳು ಹಾಗೇ ಇರುತ್ತವೆ, ತೊಳೆದು ಬೇರ್ಪಡಿಸಬಹುದು ಎಂದು ಬಸ್ಸಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದಳು. ಹಾಗೆ ಯೋಚಿಸುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸಲಾಗಲಿಲ್ಲ.

ವಾರ್ಡಿನ ಮೂಲೆಯಲ್ಲಿ ಪರದೆ ಎಳೆದಿದ್ದರು. ಬಿಳಿ ಬಟ್ಟೆಯಿಂದ ಹೊರಗೆ ಎಡಗೈಯೊಂದೇ ಕಾಣುತ್ತಿತ್ತು, ಹಾಳೆ ಇನ್ನೂ ಅಂಟಿಕೊಂಡೇ ಇತ್ತು. ಮಾನಪ್ಪ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೈಯಲ್ಲಿ ಮುಟ್ಟಲು ಆಗುತ್ತಿದ್ದುದು ಅದೊಂದೇ.

"ಇದಕ್ಕ ಹಾಕಿದ್ದು ಹಿಡೀತಲ್ರಿ ಮೇಡಂ" ಎಂದ. "ಮೈತುಂಬ ಹಾಕೂವಷ್ಟು ಇದ್ದಿದ್ರ ಉಳೀತಿದ್ಲೇನ್ರಿ?"

"ಗೊತ್ತಿಲ್ಲ ಮಾನಪ್ಪ."

ಆಸ್ಪತ್ರೆಯವರು ಬಂದು ಹೆಣ ಒಯ್ಯುವವರೆಗೂ ಅವಳು ಅಲ್ಲೇ ನಿಂತಿದ್ದಳು. ಮಾನಪ್ಪ ಆ ಕೈಯನ್ನು ಕೆಳಗಿಟ್ಟಿದ್ದರೆ ತಾನು ಚೀಲ ತೆರೆಯುತ್ತಿದ್ದೆನೋ ಇಲ್ಲವೋ ಎಂದು ಅವಳಿಗೆ ಮುಂದೆಯೂ ತಿಳಿಯಲಿಲ್ಲ. ಅವನು ಇಡಲಿಲ್ಲ. ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ, ಭಗವಂತರಾಯರಿಗೂ.

ಮಾನಪ್ಪ ಹೆಂಡತಿಯ ಕಾರ್ಯ ಮುಗಿಸಿ ಊರಿಂದ ಬಂದವನು ಎರಡು ತಿಂಗಳು ಕೆಲಸ ಮಾಡಿದ. ಇಲಿಗಳ ಬೆನ್ನು ಸುಡುವ ದಿನ ಮಾತ್ರ ರಜೆ ಹಾಕುತ್ತಿದ್ದ. ಆಮೇಲೆ ರಾಜೀನಾಮೆ ಕೊಟ್ಟು ಹೋದ. ಹೋಗುವಾಗ ಕುಲ್ಸುಂಳಿಗೆ ಕೈಮುಗಿದು, ನೀವು ಮಾಡೂದು ಮಾಡಿದ್ರಿ ಎಂದ. ಅವನು ಬೈದಿದ್ದರೆ ಅವಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಕುಲ್ಸುಂ ಇನ್ನೂ ಎರಡು ವರ್ಷ ಹಾಳೆ ಎರೆದಳು. ಗಿಡ್ಡ ಎಳೆಯ ಪುಡಿಯನ್ನೂ ಉದ್ದ ಎಳೆಯ ಪುಡಿಯನ್ನೂ ಒಂದಕ್ಕೆ ಒಂದು, ಒಂದಕ್ಕೆ ಎರಡು, ಒಂದಕ್ಕೆ ಐದು ಎಂದು ಬೆರೆಸಿ ನೋಡಿದಳು. ನಲವತ್ತೇಳು ಬಗೆಯ ಹಾಳೆಗಳಾದವು. ಕೆಲವು ನಾಲ್ಕನೆಯ ದಿನದವರೆಗೆ ನಿಂತವು. ಹದಿಮೂರು ದಿನದಲ್ಲಿ ವಾಸಿಯಾಗುವ ಇಲಿ ಮತ್ತೆ ಕಾಣಲಿಲ್ಲ. ಏನನ್ನು ಹುಡುಕುತ್ತಿದ್ದೇವೆಂದೇ ಗೊತ್ತಿಲ್ಲದೆ ಹುಡುಕಿದರೆ ಸಿಗುವುದಾದರೂ ಹೇಗೆ ಎಂದು ಭಗವಂತರಾಯರು ಒಂದು ದಿನ ತಮಗೆ ತಾವೇ ಎಂಬಂತೆ ಅಂದರು. ೨೦೦೨ರಲ್ಲಿ ಅವರು ನಿವೃತ್ತರಾದರು. ಪ್ರಯೋಗಾಲಯದ ಗೋಡೆ ಒಡೆದು ಕಂಪ್ಯೂಟರ್ ಕೋಣೆ ಮಾಡಿದರು. ಪಿಎಚ್.ಡಿ. ಪೂರ್ತಿಯಾಗದ ಕುಲ್ಸುಂ ಕುಕ್ ಟೌನಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ರಸಾಯನಶಾಸ್ತ್ರದ ಟೀಚರಾದಳು. ಗಯಾಜ್ ಸಾಹೇಬರು ಮಂಜುಗಡ್ಡೆಯ ಡಬ್ಬಿಯನ್ನು ಅಂಗಡಿಯಲ್ಲಿ ಸ್ವಲ್ಪ ದಿನ ಇಟ್ಟುಕೊಂಡಿದ್ದು, ಆಮೇಲೆ ಯಾರಿಗೋ ಕೊಟ್ಟರು.

೨೦೦೪ರಲ್ಲಿ ಪೋಲೆಂಡ್ ದೇಶದಿಂದ ಒಂದು ಕಾಗದ ಸಂಸ್ಥೆಯ ಹಳೆಯ ವಿಳಾಸದ ಮೂಲಕ ಸುತ್ತಿ ಬಳಸಿ ಅವಳ ಮನೆಗೆ ಬಂತು. ನಿಮ್ಮ ೧೯೯೮ರ ಪ್ರಬಂಧದಂತೆ ಹಾಳೆ ಮಾಡಿ ನೋಡಿದೆವು, ಎರಡು ವರ್ಷದಿಂದ ಆಗುತ್ತಿಲ್ಲ, ನಾವು ಎಲ್ಲಿ ತಪ್ಪುತ್ತಿದ್ದೇವೆಂದು ದಯವಿಟ್ಟು ತಿಳಿಸಿ ಎಂದು ಯಾರೋ ಒಬ್ಬ ಸಂಶೋಧಕಿ ಬರೆದಿದ್ದಳು. ಅಕ್ಷರ ನೋಡಿದರೆ ಚಿಕ್ಕ ವಯಸ್ಸಿನವಳಂತೆ ತೋರುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಕೂತು ಕುಲ್ಸುಂ ಉತ್ತರ ಬರೆದಳು. ನೀವು ತಪ್ಪುತ್ತಿಲ್ಲ. ಆ ಪುಡಿ ಮುಗಿದ ಮೇಲೆ ನಮಗೂ ಆಗಲಿಲ್ಲ. ಅದರ ಮಾದರಿ ನಮ್ಮ ಬಳಿ ಉಳಿದಿಲ್ಲ. ಇನ್ನು ಇದರ ಮೇಲೆ ನಿಮ್ಮ ವರ್ಷಗಳನ್ನು ಕಳೆಯಬೇಡಿ. ಮಾದರಿ ಏನಾಯಿತೆಂದು ಬರೆಯಲು ಒಂದು ಸಾಲು ಶುರುಮಾಡಿ, ಹೊಡೆದುಹಾಕಿದಳು. ಹೊಡೆದುಹಾಕಿದ ಸಾಲು ಕಾಣುತ್ತದೆಂದು ಇನ್ನೊಂದು ಹಾಳೆಯಲ್ಲಿ ಮೊದಲಿನಿಂದ ನಕಲು ಮಾಡಿದಳು. ಮಧ್ಯಾಹ್ನದ ಬಿಡುವಿನಲ್ಲಿ ಪೋಸ್ಟ್ ಆಫೀಸಿಗೆ ಹೋಗಿ ಅಂಚೆಗೆ ಹಾಕಿ ಬಂದು, ಒಂಬತ್ತನೆಯ ತರಗತಿಗೆ ಪಾಠ ಮಾಡಲು ಹೋದಳು.