ಮೊಳೆ ಚುಚ್ಚಿದ್ದು, ಅಷ್ಟೇ

"ನಾಲಿಗೆ ಇನ್ನೂ ಸ್ವಲ್ಪ ಹೊರಗೆ... ಇನ್ನೂ... ಹಾಂ, ಹಾಗೇ ಇರಿ," ಎನ್ನುತ್ತ ಚಿಕ್ಕ ಡಾಕ್ಟರು ಬಟ್ಟೆಯ ತುಂಡಿನಲ್ಲಿ ನಾಲಿಗೆಯ ತುದಿ ಹಿಡಿದು ಬಲಕ್ಕೆ ಎಳೆದಳು. ಅವನಿಗೆ ವಾಂತಿ ಬಂದಂತಾಗಿ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಲ್ಲು ಕ್ಲೀನ್ ಮಾಡಿಸಿಕೊಂಡು ಹೋಗಲು ಬಂದವನು ಅವನು. ಈ ಕ್ಲಿನಿಕ್ಕಿಗೆ ಬರಲು ಶುರುಮಾಡಿ ವರ್ಷಗಳೇ ಆಗಿದ್ದರೂ ಅವನ ನಾಲಿಗೆಯನ್ನು ಯಾರೂ ಹೀಗೆ ಹಿಡಿದಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಹೆಂಡತಿಗೆ ನಗು ಬಂತು. ಬೀದಿಗೆಲ್ಲ ಮಾತಿನಮಲ್ಲ ಎನಿಸಿಕೊಂಡವನ ನಾಲಿಗೆ ಕೊನೆಗೂ ಒಬ್ಬರ ಕೈಗೆ ಸಿಕ್ಕಿತಲ್ಲ ಎಂದುಕೊಂಡಳು.

ಚಿಕ್ಕ ಡಾಕ್ಟರು ನಗಲಿಲ್ಲ. ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ನಾಲಿಗೆಯ ಎಡಪಕ್ಕದಲ್ಲಿ ಒಂದು ಕಡೆ ಬೆರಳಿಟ್ಟು ಒತ್ತಿ ನೋಡಿದಳು. ಆಮೇಲೆ ಎರಡೂ ಕೈಯಿಂದ ಅವನ ದವಡೆಯ ಕೆಳಗೆ, ಕತ್ತಿನುದ್ದಕ್ಕೂ ಮೆಲ್ಲಗೆ ಒತ್ತುತ್ತಾ ಹೋದಳು. ಎಡಗಡೆ ಒಂದು ಜಾಗದಲ್ಲಿ ಬೆರಳು ನಿಂತಿತು.

"ಈ ಹುಣ್ಣು ಎಷ್ಟು ದಿನದಿಂದ ಇದೆ?"

"ಹುಣ್ಣಲ್ಲ ಮೇಡಂ, ಮೊಳೆ ಚುಚ್ಚಿದ್ದು," ಎಂದ ಅವನು. ನಾಲಿಗೆ ವಾಪಸ್ಸು ಸಿಕ್ಕಿದ್ದೇ ತಡ, ಮಾತು ಹರಿಯಿತು. "ನಮ್ದು ಸೋಫಾ ಕೆಲಸ. ಒಂದು ಕೈಯಲ್ಲಿ ರೆಕ್ಸಿನ್ ಎಳೆದು ಹಿಡೀಬೇಕು, ಇನ್ನೊಂದ್ರಲ್ಲಿ ಸುತ್ತಿಗೆ. ದೇವರು ಮೂರನೇ ಕೈ ಕೊಟ್ಟಿಲ್ಲ, ಬಾಯಿ ಕೊಟ್ಟಿದ್ದಾನೆ. ಮೊಳೆಗಳನ್ನ ಬಾಯಿಗೆ ಹಾಕ್ಕೊಂಡು ಒಂದೊಂದನ್ನೇ ನಾಲಿಗೇಲಿ ತಳ್ತೀವಿ. ಚುಚ್ಚುತ್ತೆ, ಮಾಯುತ್ತೆ. ನಮ್ಮ ಕೆಲಸದಲ್ಲಿ ಬಾಯಲ್ಲಿ ಗಾಯ ಇಲ್ದೋನು ಕೆಲಸಗಾರನೇ ಅಲ್ಲ!"

"ಇದು ಮಾಯ್ತಾ?"

ಅವನು ಹೆಂಡತಿಯ ಮುಖ ನೋಡಿದ. "ಹಿರಿಯ ಡಾಕ್ಟ್ರು ಇದನ್ನ ನೋಡಿದಾರೆ ಮೇಡಂ. ಹೋದ ವರ್ಷಾನೇ ನೋಡಿದಾರೆ. ಮೊಳೆ ಬಾಯಿಗೆ ಹಾಕ್ಕೋಬೇಡ ಕಣಯ್ಯಾ ಅಂತ ಬೈದ್ರು."

"ಅಷ್ಟೇನಾ ಅಂದಿದ್ದು?"

"ಅಷ್ಟೇ."

ಹಿರಿಯ ಡಾಕ್ಟರು ಮಗಳ ಮನೆಗೆಂದು ಬೇರೆ ಊರಿಗೆ ಹೋಗಿದ್ದರು. ಅವರು ಬರುವ ತನಕ ಕ್ಲಿನಿಕ್ ನೋಡಿಕೊಳ್ಳಲು ಬಂದಿದ್ದವಳು ಈ ಚಿಕ್ಕ ಡಾಕ್ಟರು. ಅವಳು ಹಿರಿಯರ ಬಗ್ಗೆ ಒಂದು ಮಾತೂ ಆಡಲಿಲ್ಲ. ಚುಚ್ಚಿದ ಗಾಯವಾದರೆ ಎರಡು ವಾರದಲ್ಲಿ ಮಾಯಬೇಕು, ಮಾಯದಿದ್ದರೆ ಅದನ್ನು ಗಾಯವೆಂದು ಬಿಟ್ಟುಬಿಡಲು ಆಗುವುದಿಲ್ಲ, ಒಂದು ಚೂರು ತೆಗೆದು ಪರೀಕ್ಷೆ ಮಾಡಿಸಲೇಬೇಕು ಎಂದಳು. ದೊಡ್ಡಾಸ್ಪತ್ರೆಗೆ ತಾನೇ ಫೋನು ಮಾಡಿದಳು. ಹಲ್ಲು ಕ್ಲೀನ್ ಮಾಡುವ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ.

ದೊಡ್ಡಾಸ್ಪತ್ರೆಯವರು ಚೂರು ತೆಗೆದರು, ಪರೀಕ್ಷೆ ಮಾಡಿದರು, ಕರೆಸಿ ಕೂರಿಸಿ ಹೇಳಿದರು. ಕ್ಯಾನ್ಸರ್. ಸರ್ಜನ್ ಅವಸರವಿಲ್ಲದ ಮನುಷ್ಯ. ನಾಲಿಗೆಯ ಎಡಗಡೆ ಹೆಚ್ಚುಕಮ್ಮಿ ಅರ್ಧ ತೆಗೆಯಬೇಕಾಗುತ್ತದೆ, ಕತ್ತಿನಲ್ಲಿರುವ ಗಂಟುಗಳನ್ನೂ ತೆಗೆಯಬೇಕು, ಮುಂಗೈಯಿಂದ ಚರ್ಮ ತಂದು ನಾಲಿಗೆಗೆ ಕೂರಿಸುತ್ತೇವೆ ಎಂದು ಒಂದೊಂದಾಗಿ ವಿವರಿಸಿದರು.

"ಹಳೇ ಬಟ್ಟೆ ಕಿತ್ತು ಹೊಸಾದು ಹಾಕ್ದಂಗೆ, ಅಲ್ವಾ ಸಾರ್?" ಎಂದ ಗಂಡ. ಯಾರೂ ನಗಲಿಲ್ಲ.

"ಮಾತು?" ಎಂದು ಅವಳು ಕೇಳಿದಳು.

"ಬರುತ್ತೆ ಅಮ್ಮಾ. ಮೊದಲಿನ ಹಾಗೆ ಇರಲ್ಲ. ಮತ್ತೆ ಕಲೀಬೇಕಾಗುತ್ತೆ. ಮನೆಯವರಿಗೆ ಅರ್ಥ ಆಗೋ ಅಷ್ಟು ಬರುತ್ತೆ."

"ಮೊಳೆಯಿಂದ್ಲೇ ಹೀಗಾಯ್ತಾ?"

"ಹಾಗಂತ ಹೇಳಕ್ಕಾಗಲ್ಲ. ಆದ್ರೆ ಮೊಳೆ, ಮೊಳೆ ಅಂದ್ಕೊಂಡು ತಡ ಆಯ್ತು, ಅದಂತೂ ನಿಜ."

"ಹೋದ ವರ್ಷಾನೇ ಯಾರಾದ್ರೂ ಕಳಿಸಿದ್ದಿದ್ರೆ?"

ಸರ್ಜನ್ ತಮ್ಮ ಕಿರುಬೆರಳಿನ ಉಗುರನ್ನು ನೋಡಿಕೊಂಡರು. "ಇಷ್ಟು ತೆಗೆದು, ಹೊಲಿಗೆ ಹಾಕಿ ಮನೆಗೆ ಕಳಿಸ್ತಿದ್ವೇನೋ."

ಅವಳ ಪಿತ್ತ ನೆತ್ತಿಗೇರಿದ್ದು ಆಗಲೇ. ಅಲ್ಲಿಂದಾಚೆಗೆ ಇಳಿಯಲೇ ಇಲ್ಲ. ಅಳು ಬಂದಿದ್ದರೆ ಅತ್ತು ಹಗುರಾಗುತ್ತಿದ್ದಳೋ ಏನೋ, ಅವಳಿಗೆ ಬಂದದ್ದು ಬರೀ ಸಿಟ್ಟು. ಉಗುರಿನಷ್ಟು! ಉಗುರಿನಷ್ಟರಲ್ಲಿ ಮುಗಿಯಬೇಕಾದ್ದು ಅರ್ಧ ನಾಲಿಗೆಗೆ ಬಂದು ನಿಂತಿದೆ, ಅಷ್ಟು ದಿನವೂ ಆ ಬಾಯಿ ಆರು ತಿಂಗಳಿಗೊಮ್ಮೆ ಡಾಕ್ಟರ ಮುಂದೆ, ಅಷ್ಟು ದೊಡ್ಡ ದೀಪದ ಕೆಳಗೆ ತೆರೆದುಕೊಂಡೇ ಇತ್ತು. ತೋರಿಸದೆ ಕೆಟ್ಟವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇವನು ತೋರಿಸಿಯೂ ಕೆಟ್ಟನಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ತಮ್ಮ ಸೋಫಾ ಅಂಗಡಿಯಲ್ಲಿ ಅವಳದು ಹೊಲಿಗೆ, ಅವನದು ಚೌಕಟ್ಟು, ಸ್ಪ್ರಿಂಗು, ಮೊಳೆ. ಚೂರು ತೆಗೆದ ಜಾಗ ನೋಯುತ್ತಿದ್ದುದರಿಂದ ಈಗ ಮೊಳೆಗಳು ಒಂದು ತಟ್ಟೆಯಲ್ಲಿದ್ದವು. ಅವನು ಬಟ್ಟೆ ಎಳೆದು ಹಿಡಿಯುತ್ತಿದ್ದ, ಮೊಳೆಗೆ ಕೈ ಚಾಚುತ್ತಿದ್ದ, ಅಷ್ಟರಲ್ಲಿ ಬಟ್ಟೆ ಸಡಿಲವಾಗುತ್ತಿತ್ತು. ಮತ್ತೆ ಎಳೆಯುತ್ತಿದ್ದ. ಅವನ ಮುಂದೆ ಇದ್ದದ್ದು ಹಿರಿಯ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಸೀಟುಗಳು. ಪರೀಕ್ಷೆಗೂ ಮೊದಲೇ ಒಪ್ಪಿಕೊಂಡಿದ್ದ ಕೆಲಸ.

"ಅದನ್ನ ಹಾಗೇ ವಾಪಸ್ ಕೊಟ್ಟುಬಿಡಿ," ಎಂದಳು ಅವಳು.

"ಹರಿದಿರೋದನ್ನ ಹಾಗೇ ಕೊಡೋದಾ? ಮಾತು ಕೊಟ್ಟಿದ್ದೀನಿ ಕಣೇ. ಆಪರೇಷನ್‌ಗೆ ಹೋಗೋ ಮುಂಚೆ ಮುಗಿಸಿಬಿಡೋಣ."

"ಆ ಮನುಷ್ಯನಿಗೆ ನಾನು ಹೊಲಿಯಲ್ಲ."

"ಅವರೇನು ಬೇಕಂತ ಮಾಡಿದ್ರೇನೇ? ನಮ್ಮವರು ಅಂತ ಎಷ್ಟು ಪ್ರೀತಿಯಾಗಿ ಮಾತಾಡಿಸ್ತಾರೆ! ಒಂದು ದಿನಾನಾದ್ರೂ ಮುಖ ಗಂಟಿಕ್ಕಿದ್ದಾರಾ?"

"ಮಾತಾಡಿಸೋಕೆ ಬೀದಿ ತುಂಬ ಜನ ಇದಾರೆ ರೀ! ಅವರ ಹತ್ರ ಹೋಗಿದ್ದು ಬಾಯಿ ತೋರಿಸೋಕೆ!"

"ನಾನೇ ಮೊಳೆ ಅಂತ ಹೇಳಿದ್ದು. ನಂದೂ ತಪ್ಪಿದೆ."

"ಹೇಳ್ಕೊಳ್ಳಿ, ಅದನ್ನೂ ನಿಮ್ಮ ತಲೆ ಮೇಲೇ ಹಾಕ್ಕೊಳ್ಳಿ!" ಎಂದವಳು ಕೈಗೆ ಸಿಕ್ಕ ಕತ್ತರಿಯನ್ನು ಮೇಜಿನ ಮೇಲೆ ಎಸೆದಳು. ಪಕ್ಕದ ಬೀಗದಂಗಡಿಯವನು ಇಣುಕಿ ನೋಡಿ ತಲೆ ಒಳಗೆಳೆದುಕೊಂಡ. ಗಂಡನ ಒಳ್ಳೆಯತನ ಅವಳಿಗೆ ಎಂದೂ ಇಷ್ಟು ಅಸಹ್ಯವಾಗಿ ಕಂಡಿರಲಿಲ್ಲ. ಅವನು ಬಗ್ಗಿ ಮೊಳೆ ಹೊಡೆಯತೊಡಗಿದ. ಅವನು ಸುಮ್ಮನಿದ್ದುದನ್ನು ತಾಳಲಾರದೆ ಅವಳು ಯಂತ್ರದ ಮುಂದೆ ಕುಳಿತು ಬೆಂಚಿನ ಬಟ್ಟೆ ಎಳೆದುಕೊಂಡಳು. ಅಂಚುಗಳಿಗೆ ಎರಡೆರಡು ಸಲ ಹೊಲಿಗೆ ಹಾಕಿದಳು. ಸಿಟ್ಟಿನಲ್ಲಿ ಹೊಲಿದರೂ ಹೊಲಿಗೆ ನೆಟ್ಟಗೇ ಬಂತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಆಪರೇಷನ್ನಿನ ಹಿಂದಿನ ದಿನ ಸೀಟುಗಳನ್ನು ವ್ಯಾನಿಗೆ ಹಾಕಿಕೊಂಡು ಇಬ್ಬರೂ ಹೊರಟರು. ಕ್ಲಿನಿಕ್ಕಿನ ಎದುರು ವ್ಯಾನು ನಿಂತಾಗ ಅವಳು, "ನೀವು ಇಲ್ಲೇ ಇರಿ," ಎಂದಳು. "ನೀವು ಒಳಗೆ ಬಂದ್ರೆ ಅವರ ಜೊತೆ ಹಲ್ಲು ಕಿರೀತಾ ಕೂರ್ತೀರಿ."

"ಜಗಳ ಮಾಡ್ಬೇಡ ಕಣೇ."

ಅವಳು ಸೀಟೊಂದನ್ನು ಎತ್ತಿಕೊಂಡು ನಡೆದಳು. ಒಳಗೆ ಕಾಯುತ್ತಿದ್ದವರು ಎದ್ದು ನಿಂತು ಜಾಗ ಬಿಟ್ಟರು. ಅವಳೂ ಅಲ್ಲಿನ ನರ್ಸೂ ಸೇರಿ ಸೀಟುಗಳನ್ನು ಬೆಂಚಿಗೆ ಕೂರಿಸಿದರು. ಸದ್ದು ಕೇಳಿ ಹಿರಿಯ ಡಾಕ್ಟರು ಒಳಗಿನಿಂದ ಬಾಗಿಲಿಗೆ ಬಂದರು. ತಲೆ ನರೆತ, ದುಂಡು ಮುಖದ, ನೋಡಿದರೆ ನಮಸ್ಕಾರ ಮಾಡಬೇಕೆನಿಸುವ ಮನುಷ್ಯ. ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಊರಿಂದ ಬಂದ ಮೇಲೆ ಗೊತ್ತಾಯ್ತಮ್ಮಾ. ತುಂಬಾ ಬೇಜಾರಾಯ್ತು. ಎಂಥಾ ಒಳ್ಳೆ ಮನುಷ್ಯ! ಸೇದಲ್ಲ, ಜಗಿಯಲ್ಲ, ಕುಡಿಯಲ್ಲ. ಅಂಥವನಿಗೆ ಇದೆಲ್ಲಿಂದ ಬರುತ್ತೆ ಅಂತ ಯಾರು ತಾನೇ ಅಂದ್ಕೋತಾರೆ, ಹೇಳಿ?"

"ನೀವು ಅಂದ್ಕೋಬೇಕಿತ್ತು ಸಾರ್."

"ಮೊಳೆ ಅಂತ ಅವನೇ ಹೇಳಿದ..."

"ಅವರು ಸೋಫಾ ಕೆಲಸದವರು. ಮೊಳೆ ಅಂತಾನೇ ಹೇಳ್ತಾರೆ. ಬಾಯಿ ಕೆಲಸದವರು ನೀವು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅವನು ಬರ್ತಿದ್ದಿದ್ದು ಕ್ಲೀನಿಂಗ್‌ಗೆ ಅಮ್ಮಾ. ಬಂದವರದ್ದೆಲ್ಲ ನಾಲಿಗೆ ಎಳೆದು, ಗಂಟಲು ನೋಡಿ, ಕತ್ತು ಮುಟ್ಟಿ... ಹೊರಗೆ ನೋಡಿದ್ರಲ್ಲ, ಎಷ್ಟು ಜನ ಕಾಯ್ತಿದ್ದಾರೆ. ಟೈಮ್ ಎಲ್ಲಿರುತ್ತೆ?"

ಅವಳು ಚಪ್ಪಲಿ ಕಳಚಿಟ್ಟು ನೇರವಾಗಿ ಹೋಗಿ ರೋಗಿಗಳ ಕುರ್ಚಿಯ ಮೇಲೆ ಮಲಗಿದಳು. ಸೀರೆಯ ಅಂಚು ಸರಿಮಾಡಿಕೊಂಡು ಹೇಳಿದಳು:

"ನನ್ನ ಬಾಯಿ ನೋಡಿ."

"ಏನಮ್ಮಾ ಇದು..."

"ನೋಡಿ ಸಾರ್. ಆ ಡಾಕ್ಟರ್ ಹುಡುಗಿ ನಮ್ಮವರನ್ನ ನೋಡಿದಳಲ್ಲ, ಹಾಗೆ. ಏನೂ ಬಿಡ್ಬೇಡಿ."

ಡಾಕ್ಟರು ಬಾಗಿಲ ಕಡೆ ನೋಡಿದರು. ಹೊರಗೆ ಟಿ.ವಿ.ಯಲ್ಲಿ ಧಾರಾವಾಹಿ ನಿಂತು ಜಾಹೀರಾತು ಶುರುವಾಗಿತ್ತು, ಸೋಪಿನದೋ ಎಣ್ಣೆಯದೋ ಹಾಡು ಕೇಳುತ್ತಿತ್ತು. ಅವರು ಕೈಗವಸು ಹಾಕಿಕೊಂಡು ದೀಪ ಹಚ್ಚಿದರು. ತುಟಿಗಳನ್ನು ಹೊರಳಿಸಿ ನೋಡಿದರು. ಕೆನ್ನೆಗಳ ಒಳಗೆ ಕನ್ನಡಿ ಆಡಿಸಿದರು. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಬಲಕ್ಕೆಳೆದರು, ಎಡಕ್ಕೆಳೆದರು, ಮೇಲಕ್ಕೆತ್ತಿಸಿ ಅಡಿಯಲ್ಲಿ ಬೆರಳಾಡಿಸಿದರು. ಅಂಗುಳ ನೋಡಿದರು, 'ಆ' ಅನ್ನಿಸಿ ಗಂಟಲು ನೋಡಿದರು. ಪಳಗಿದ ಕೈ, ಒಂದಿಷ್ಟೂ ನೋವಾಗಲಿಲ್ಲ. ಕೊನೆಗೆ ದವಡೆಯ ಕೆಳಗೆ, ಕತ್ತಿನುದ್ದಕ್ಕೂ ಒತ್ತುತ್ತಾ ಬಂದು ಕೈ ತೆಗೆದರು. ಹೊರಗೆ ಜಾಹೀರಾತು ಇನ್ನೂ ಮುಗಿದಿರಲಿಲ್ಲ.

"ಎಲ್ಲಾ ಚೆನ್ನಾಗಿದೆ ಅಮ್ಮಾ. ನಿಮ್ಮ ಬಾಯಲ್ಲಿ ಏನೂ ತೊಂದರೆ ಇಲ್ಲ."

"ಮುಗೀತಾ?"

"ಮುಗೀತು."

ಅವಳು ಎದ್ದು ಕುಳಿತಳು.

"ಇಷ್ಟೇನಾ?"

ಡಾಕ್ಟರು ಕೈಗವಸು ಕಳಚತೊಡಗಿದರು.

"ಇಷ್ಟೇನಾ ಸಾರ್? ಇಷ್ಟಕ್ಕೆ ಟೈಮ್ ಇರ್ಲಿಲ್ವಾ?" ಅವಳ ಧ್ವನಿ ಏರಿತು. "ನಾನು ಇನ್ನೂ ಏನೋ ದೊಡ್ಡದು ಅಂದ್ಕೊಂಡಿದ್ದೆ. ದೊಡ್ಡ ಮಿಷನ್ನು, ದೊಡ್ಡ ಪರೀಕ್ಷೆ ಏನೋ ಬೇಕು, ಪಾಪ ಇವರ ಹತ್ರ ಇಲ್ಲ ಅಂತ. ಎರಡು ಬೆರಳು, ಒಂದು ಚೂರು ಬಟ್ಟೆ! ಅವರು ಬಂದಾಗಲೆಲ್ಲ ನೀವು ನಿಮ್ಮ ಹಳೇ ಸ್ಕೂಟರ್ ಕಥೆ ಇದಕ್ಕಿಂತ ಜಾಸ್ತಿ ಹೊತ್ತು ಹೇಳ್ತಿದ್ರಿ. ಅವರು ಬಾಯಿ ತೆರ್ಕೊಂಡೇ ನಗ್ತಿದ್ರು. ಆಗ ಒಂದ್ಸಲ ನಾಲಿಗೆ ಹಿಡಿದಿದ್ರೆ ಆಗ್ತಿತ್ತಲ್ಲ ಸಾರ್! ನಾಳೆ ಅರ್ಧ ಕೊಯ್ದು ತೆಗೀತಾರೆ!"

ಬಾಗಿಲು ಪೂರ್ತಿ ಹಾಕಿಕೊಂಡಿರಲಿಲ್ಲ, ಹೊರಗಿದ್ದ ಎಲ್ಲರಿಗೂ ಕೇಳಿಸಿತ್ತು. ಕೇಳಲಿ ಎಂದೇ ಅವಳು ಕೂಗಿದ್ದಳು.

"ತಪ್ಪಾಯ್ತು," ಎಂದರು ಡಾಕ್ಟರು. ಬಹಳ ಸಣ್ಣ ಧ್ವನಿಯಲ್ಲಿ ಅಂದರು.

ಆ ಮಾತು ಕೇಳಿದರೆ ತನಗೆ ಸಮಾಧಾನವಾಗುತ್ತದೆ ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಆಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಜನರ ನಡುವೆ ಹಾದು, ಯಾರ ಮುಖವನ್ನೂ ನೋಡದೆ ಹೊರಗೆ ಬಂದಳು.

ಗಂಡ ವ್ಯಾನಿನ ಕಿಟಕಿಯಿಂದ ಅರ್ಧ ಹೊರಗೆ ಬಂದು ಹಣ್ಣಿನ ಗಾಡಿಯವನ ಜೊತೆ ಮಾತಾಡುತ್ತಿದ್ದ. ಅವಳು ಬಂದು ಕೂತಮೇಲೆ, "ಜಗಳ ಮಾಡ್ಲಿಲ್ಲ ತಾನೇ?" ಎಂದ.

"ಮಾಡ್ದೆ."

"ಅಯ್ಯೋ, ಪಾಪ ಕಣೇ ಅವರು..."

"ಪಾಪಾನೇ. ಇರಲಿ ಬಿಡಿ."

ಅವನು ವ್ಯಾನು ಹೊರಡಿಸಿದ. ಸ್ವಲ್ಪ ದೂರ ಹೋದಮೇಲೆ ಮಾತು ಶುರುಮಾಡಿದ. ಹಣ್ಣಿನ ಗಾಡಿಯವನ ತಮ್ಮನಿಗೂ ಸೋಫಾ ಕೆಲಸ ಕಲಿಯುವ ಆಸೆಯಂತೆ, ಸ್ಪ್ರಿಂಗು ಕಟ್ಟುವುದನ್ನು ಈಗಿನವರಿಗೆ ಯಾರೂ ಸರಿಯಾಗಿ ಕಲಿಸುವುದಿಲ್ಲವಂತೆ, ಅಡ್ಡ ದಾರ ಮೊದಲೋ ಉದ್ದ ದಾರ ಮೊದಲೋ ಎಂಬ ವಿಷಯಕ್ಕೆ ತನ್ನ ಗುರುವಿಗೂ ಅವರ ಭಾವಮೈದುನನಿಗೂ ಮಾತೇ ನಿಂತುಹೋಗಿತ್ತಂತೆ. ಅವಳು ನೂರು ಸಲ ಕೇಳಿದ ಕಥೆ. ಮುಂದೆ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು, ಪಕ್ಕದಲ್ಲಿ ರಸ್ತೆ ಅಗೆಯುವ ಯಂತ್ರ ಗುಡುಗುಡು ಎನ್ನುತ್ತಿತ್ತು. ಅವಳು ಹಿಡಿ ತಿರುಗಿಸಿ ಕಿಟಕಿಯ ಗಾಜು ಏರಿಸಿದಳು.

"ಇಷ್ಟು ಸೆಕೆ ಇದೆ, ಯಾಕೆ ಮುಚ್ತೀಯಾ?"

"ಸರಿಯಾಗಿ ಕೇಳಿಸ್ತಿಲ್ಲ. ಹೇಳಿ, ಆಮೇಲೆ ಏನಾಯ್ತು?" ಎಂದು ಅವಳು ಅವನ ಕಡೆಯ ಗಾಜನ್ನೂ ಏರಿಸಲು ಬಗ್ಗಿದಳು.