ಹೆಸರುಗಳ ಕೆಳಗಿನ ಖಾಲಿ ಜಾಗ

ಬೀಬಿಯ ಮಯ್ಯತ್ ಹೊತ್ತ ಗಂಡಸರು ಮಣ್ಣು ಮಾಡಲೆಂದು ಮೆಟ್ಟಿಲಿಳಿಯುತ್ತಿದ್ದಾಗ, ಎದುರಿನಿಂದ ಹತ್ತಿ ಬರುತ್ತಿದ್ದ ಬಿಳಿ ಹುಡುಗಿಯೊಬ್ಬಳು ಗೋಡೆಗೆ ಬೆನ್ನು ಒತ್ತಿ ದಾರಿ ಬಿಟ್ಟಳು. ಹಾದುಹೋಗುತ್ತಿದ್ದ ಹೊದಿಕೆಯ ಅಂಚನ್ನು ಮೆಲ್ಲಗೆ ಮುಟ್ಟಿದಳು. ಬಾಗಿಲಲ್ಲಿ ನಿಂತಿದ್ದ ಬೀಬಿಯ ಮಗಳು ಸಿದ್ದೀಕಾಳಿಗೆ, ಉಮ್ಮ ತೋರಿಸುತ್ತಿದ್ದ ಫೋಟೋಗಳಿಂದ, ಅವಳು ಯಾರೆಂದು ತಟ್ಟನೆ ತಿಳಿಯಿತು. ಮಾರ್ಟೀನ್. ಉಮ್ಮ ಸಾಕಿದ ಮಗು.

ಜಿದ್ದಾದ ಅಜೀಜಿಯಾ ಬಡಾವಣೆಯ ಆ ಫ್ಲ್ಯಾಟಿನ ತುಂಬ ಊರಿನ ಹೆಂಗಸರು. "ಇದು ಯಾರು ಮಾರಾಯ್ತಿ?" ಪಕ್ಕದ ಮನೆಯ ಮೈಮೂನತ್ ಪಿಸುಗುಟ್ಟಿದಳು.

"ಉಮ್ಮ ಕೆಲಸಕ್ಕಿದ್ದ ಮನೆಯವಳು. ಲಕ್ಸೆಂಬರ್ಗಿನವರು." ಸಿದ್ದೀಕಾಳ ದನಿ ಒಣಗಿತ್ತು.

ಗಂಡ ಮೀನಿಗೆ ಹೋದ ದೋಣಿ ಮರಳದೆ ಹೋದ ವರ್ಷವೇ ಬೀಬಿ ಮಗಳನ್ನು ಉಚ್ಚಿಲದಲ್ಲಿ ಅಜ್ಜಿಯ ಬಳಿ ಬಿಟ್ಟು ಜಿದ್ದಾಕ್ಕೆ ಬಂದಿದ್ದಳು. ಅವಳ ತೋಳಿನಲ್ಲಿ ಮಲಗಿ ಬೆಳೆದದ್ದು ಕೆಲಸಕ್ಕಿದ್ದ ಮನೆಯ ಇಂಜಿನಿಯರನ ಈ ಮಗಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಸಿದ್ದೀಕಾ ಉಮ್ಮನನ್ನು ತನ್ನಲ್ಲೇ ಇಟ್ಟುಕೊಂಡಳು. ಆದರೂ ಒಳಗಿನ ಮುಳ್ಳು ಹೋಗಿರಲಿಲ್ಲ.

ಮಾರ್ಟೀನ್ ಚಾಪೆಯಲ್ಲಿ ಅವಳ ಪಕ್ಕ ಕೂತಳು. ಬೀಬಿ ಕಲಿಸಿದ ಮುರುಕು ಮಾತಿನಲ್ಲಿ, "ನೀವು ಬೀಬಿಯ ಹಾಗೇ ಕಾಣ್ತೀರಿ," ಎಂದಳು.

"ನನಗೆ ಅವರ ಕಲ್ಲು ಮನಸ್ಸಿಲ್ಲ. ಅಪ್ಪ ಹೋದಾಗಲೂ ಒಂದು ಹನಿ ಕಣ್ಣೀರು ಹಾಕಿದವರಲ್ಲ."

"ಇಲ್ಲ. ಬೀಬಿ ಅತ್ತಿದ್ದಾರೆ. ನಾನು ನೋಡಿದೆ. ನಮ್ಮ ಊರಲ್ಲಿ, ಇಗರ್ಜಿಯ ಮುಂದೆ."

\*

ಒಂದು ಬೇಸಗೆ ರಜೆಗೆ ಆ ಕುಟುಂಬ ಬೀಬಿಯನ್ನೂ ತಮ್ಮ ಹಳ್ಳಿಗೆ ಕರೆದೊಯ್ದಿತ್ತು. ಇಗರ್ಜಿಯ ಅಂಗಳದಲ್ಲೊಂದು ಬೂದು ಕಲ್ಲು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಬಲವಂತದಿಂದ ಸೇನೆಗೆ ಸೇರಿಸಿ ರಷ್ಯಾಕ್ಕೆ ಅಟ್ಟಿದ ಊರ ಹುಡುಗರ ಹೆಸರುಗಳು ಅದರ ಮೇಲಿದ್ದವು. ಮಾರ್ಟೀನಳ ಅಜ್ಜಿ ದಿನಾ ಬೆಳಿಗ್ಗೆ ಬಂದು ಅದರಲ್ಲೊಂದು ಹೆಸರನ್ನು ಸವರುತ್ತಿದ್ದರು.

"ಇಲ್ಲೇ ಮಣ್ಣು ಮಾಡಿದ್ದಾ?" ಬೀಬಿ ಕೇಳಿದಳು.

ಮಗು ಅಜ್ಜಿಯನ್ನು ಕೇಳಿ ಹೇಳಿತು: "ಇಲ್ಲ. ಅಜ್ಜಿಯ ಅಣ್ಣ. ವಾಪಸ್ ಬರಲೇ ಇಲ್ಲ."

"ನನ್ನವರೂ ಬರಲಿಲ್ಲ ಅಂತ ಹೇಳು ಮಗಾ. ಕಡಲಿಗೆ ಹೋದವರು. ಹೋಗಿ ಕೂರ್ಲಿಕ್ಕೆ ಒಂದು ಗೋರಿಯೂ ಇಲ್ಲ."

ಮಗು ಅದನ್ನೂ ಹೇಳಿತು. ಅಜ್ಜಿ ಬೀಬಿಯ ಕೈ ಹಿಡಿದು, ಕೊನೆಯ ಹೆಸರಿನ ಕೆಳಗೆ ಖಾಲಿಯಿದ್ದ ಜಾಗದ ಮೇಲೆ ಇಟ್ಟರು. ಬೀಬಿ ಹಣೆಯನ್ನೂ ಅಲ್ಲಿಗೇ ಆನಿಸಿ ಬಿಕ್ಕಿ ಬಿಕ್ಕಿ ಅತ್ತಳು. ರಜೆ ಮುಗಿಯುವವರೆಗೆ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಆ ಇಬ್ಬರು ಹೆಂಗಸರು ಬೆಳಿಗ್ಗೆ ಜೊತೆಯಾಗಿಯೇ ಹೋಗಿ ಬಂದರು.

\*

"ಉಚ್ಚಿಲದ ಮನೆಯಲ್ಲಿ ಯಾಕೆ ಅಳುವುದಿಲ್ಲ ಅಂತ ನಾನು ಕೇಳಿದೆ," ಎಂದಳು ಮಾರ್ಟೀನ್. "ಬೀಬಿ ಹೇಳಿದರು, ನಾನು ಅತ್ತರೆ ಸಿದ್ದಿಗೆ ಅವಳಪ್ಪ ಇನ್ನು ಬರುವುದಿಲ್ಲ ಅಂತ ಗೊತ್ತಾಗ್ತದೆ."

ಸಂಜೆಯಾದರೆ ಉಚ್ಚಿಲದ ದಡಕ್ಕೆ ಓಡುತ್ತಿದ್ದ, ಬರುವ ದೋಣಿಗಳಿಗೆಲ್ಲ ಕೈ ಬೀಸುತ್ತಿದ್ದ ಪುಟ್ಟ ಹುಡುಗಿ ಸಿದ್ದೀಕಾಳಿಗೆ ನೆನಪಾದಳು. ಎಷ್ಟು ಕಾಲ ಹಾಗೆ ಕಾದಿದ್ದಳು! ಯಾರೂ ಬೇಡ ಅಂದಿರಲಿಲ್ಲ.

"ಉಮ್ಮಾ," ಎಂದಳು. ಬೆಳಗಿನಿಂದ ತಡೆದದ್ದು ಒಮ್ಮೆಲೇ ಒಡೆಯಿತು. ಮಾರ್ಟೀನ್ ಅವಳನ್ನು ತಬ್ಬಿಕೊಂಡು ತಾನೂ ಅತ್ತಳು.

ದೂರದ ಜಿಜಾನ್ ಪಟ್ಟಣದಿಂದ ಆಗಷ್ಟೇ ಬಂದಿಳಿದ ದೊಡ್ಡಮ್ಮನ ಮಗಳು ಹಸೀನಾ, ಬೀಬಿಯ ಮಗಳಿಗೆ ಸಮಾಧಾನ ಹೇಳಲೆಂದು ಒಳಗೆ ಬಂದವಳು, ಒಬ್ಬರ ಹೆಗಲಲ್ಲೊಬ್ಬರು ಮುಖ ಹುದುಗಿಸಿ ಕೂತ ಇಬ್ಬರು ಹೆಣ್ಣುಮಕ್ಕಳನ್ನು ಕಂಡು, ಯಾರ ತಲೆ ಮೊದಲು ಸವರಬೇಕೆಂದು ತಿಳಿಯದೆ ಎರಡೂ ಕೈ ಚಾಚಿ ನಿಂತುಬಿಟ್ಟಳು.