ಮಿಸ್ ಭುಜದ ಅಳತೆ

ಸುಮನಾ ಮಿಸ್ ಅವರ ನೃತ್ಯಶಾಲೆಯಲ್ಲಿ ಅಳತೆಯ ಟೇಪು ಇರಲಿಲ್ಲ. ಅವರ ಎಡಭುಜವೇ ಸಾಕಾಗುತ್ತಿತ್ತು. ವರ್ಷಕ್ಕೊಮ್ಮೆ ಬ್ಯಾಲೆಗೆ ಪಾತ್ರ ಹಂಚುವ ದಿನ ಮಕ್ಕಳು ಒಬ್ಬೊಬ್ಬರಾಗಿ ಬಂದು ಅವರ ಪಕ್ಕ ನಿಲ್ಲಬೇಕು. ನೆತ್ತಿ ಭುಜಕ್ಕಿಂತ ಕೆಳಗಿದ್ದರೆ ಬಾಲಕೃಷ್ಣ, ಗೋಪಬಾಲ, ಜಿಂಕೆ, ನವಿಲು. ಮೇಲೆ ಹೋದರೆ ರಾಕ್ಷಸ, ಕಾವಲುಗಾರ, ಇಲ್ಲವೇ ಹಿಂದಿನ ಸಾಲಿನಲ್ಲಿ ಕೊಂಬೆ ಹಿಡಿದು ನಿಲ್ಲುವ ಮರ. ಚನ್ನಪಟ್ಟಣದ ತಾಯಂದಿರಿಗೆಲ್ಲ ಇದು ಬಾಯಿಪಾಠ. ಆ ದಿನ ಮಗಳಿಗೆ ನೆತ್ತಿಯ ಮೇಲೆ ಜುಟ್ಟು ಕಟ್ಟಿ ಕರೆತರುವವರು ಒಬ್ಬರೂ ಇರಲಿಲ್ಲ.

ಮಮತಾಳಿಗೆ ಈ ಪದ್ಧತಿ ಕಂಡರೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅಳತೆಗೋಲು ಅಂದಮೇಲೆ ಅದು ಇಂದೂ ನಾಳೆಯೂ ಒಂದೇ ಇರಬೇಕು ಎಂದು ಎಂಟನೇ ತರಗತಿಗೇ ಹೇಳಿಕೊಡುವವಳು. ಮಿಸ್ ನೆಟ್ಟಗೆ ನಿಂತ ದಿನ ಅವರ ಭುಜ ಒಂದೆತ್ತರ, ಸೊಂಟ ನೋಯುತ್ತಿದ್ದ ದಿನ ಇನ್ನೊಂದೆತ್ತರ. ಅಂಥ ಭುಜದ ಕೆಳಗೆ ಈಗ ಅವಳ ಮಗಳ ವರ್ಷವೆಲ್ಲ ಸಿಕ್ಕಿಕೊಂಡಿತ್ತು.

ಮಗಳ ಹೆಸರು ರಮ್ಯಾ, ಮನೆಯಲ್ಲಿ ಪುಟ್ಟಿ. ಏಳನೇ ತರಗತಿಗೆ ಬಂದಮೇಲೆ ಹುಡುಗಿ ರಾತ್ರೋರಾತ್ರಿ ಎಳೆದ ಹಾಗೆ ಉದ್ದವಾಗಿದ್ದಳು. ಬೇಸಿಗೆ ರಜೆಯಿಂದ ಅವಳು ಕೃಷ್ಣನ ಪಾತ್ರ ಕಲಿಯುತ್ತಿದ್ದಳು. ಬೆಣ್ಣೆ ಕದಿಯುವುದು, ಮಣ್ಣು ತಿಂದು ಬಾಯಿ ತೆರೆಯುವುದು, ಕಾಳಿಂಗನ ಹೆಡೆಯ ಮೇಲೆ ಕುಣಿಯುವುದು, ಎಲ್ಲ ಅವಳ ಕಾಲಿಗೂ ಕಣ್ಣಿಗೂ ಇಳಿದುಬಿಟ್ಟಿದ್ದವು. ಆದರೆ ಅಳತೆಯ ದಿನ ಅವಳ ನೆತ್ತಿ ಮಿಸ್ ಭುಜಕ್ಕೆ ಸಮಸಮವಾಗಿ ನಿಂತಿತು. ಮಿಸ್, ಡ್ರೆಸ್ ಬರುವ ದಿನ ಇನ್ನೊಮ್ಮೆ ನೋಡೋಣ ಎಂದಿದ್ದರು. ಅಲ್ಲಿಯವರೆಗೆ ಮೂರನೇ ತರಗತಿಯ ಒಬ್ಬ ಪುಟಾಣಿಯೂ ಪಕ್ಕದಲ್ಲಿ ನಿಂತು ಅದೇ ಪಾತ್ರ ಕಲಿಯಲಿ, ಅಕಸ್ಮಾತ್ ಪುಟ್ಟಿ ಬೆಳೆದುಬಿಟ್ಟರೆ ಅವಳಿಗೆ ಪೂತನಿಯ ಪಾತ್ರ ಇದ್ದೇ ಇದೆ ಎಂದೂ ಸೇರಿಸಿದ್ದರು.

ಅವತ್ತೇ ಮಮತಾ ಮಿಸ್ಸನ್ನು ನಿಲ್ಲಿಸಿ ಕೇಳಿದ್ದಳು. ಈ ವಯಸ್ಸಿನಲ್ಲಿ ಮಕ್ಕಳು ಮೊದಲು ಕಾಲಿನಲ್ಲಿ ಬೆಳೆಯುತ್ತಾರೆ, ಆಮೇಲೆ ಮೈಯಲ್ಲಿ. ಕೂರಿಸಿ ನೋಡಿದರೆ ಇವಳೂ ಉಳಿದವರೂ ಒಂದೇ. ಎರಡು ವರ್ಷ ಕಳೆದರೆ ಮಿಕ್ಕವರೂ ಇವಳನ್ನು ಹಿಡಿಯುತ್ತಾರೆ. ಓಡುತ್ತಿರುವುದನ್ನು ನಿಂತಿದೆ ಎಂದುಕೊಂಡು ಅಳೆದರೆ ಹೇಗೆ? ಮಿಸ್ ಸಮಾಧಾನವಾಗಿಯೇ ಕೇಳಿಸಿಕೊಂಡರು. ಯಶೋದೆ ಮಾಡುವ ಹತ್ತನೇ ತರಗತಿಯ ಹುಡುಗಿ ಗಿಡ್ಡ, ಅವಳಿಗಿಂತ ಕೃಷ್ಣ ಎತ್ತರವಾದರೆ ಚೆನ್ನಾಗಿರುವುದಿಲ್ಲ ಎಂದರು. ಹಿಂದೊಮ್ಮೆ ಮಾಗಡಿಯಲ್ಲಿ ಇಂಥದೇ ಉದ್ದನೆಯ ಕೃಷ್ಣನನ್ನು ನೋಡಿ, ಅವ್ವನ್ನ ಕಂಕುಳಲ್ಲಿ ಎತ್ಕೊಳ್ಳಪ್ಪಾ ಎಂದು ಯಾರೋ ಹಿಂದಿನಿಂದ ಕೂಗಿದ್ದರಂತೆ. ಆ ಮಗು ಮತ್ತೆ ಗೆಜ್ಜೆ ಕಟ್ಟಲೇ ಇಲ್ಲವಂತೆ.

"ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ್ನ ನೋಡ್ಕೊಂಡು ಬೆಳೆದ ಜನ ಮೇಡಂ ಇವರು. ಅವರ ಕಣ್ಣಲ್ಲಿ ಕೃಷ್ಣ ಅಂದ್ರೆ ಅಷ್ಟೇ ಇರ್ಬೇಕು," ಎಂದು ಕೈಯನ್ನು ನೆಲದಿಂದ ಮೊಳದೆತ್ತರಕ್ಕೆ ಹಿಡಿದು ತೋರಿಸಿದರು.

ಮಗುವಾಗಲೆಂದು ಆ ಕೃಷ್ಣನ ಗುಡಿಗೆ ತೊಟ್ಟಿಲ ಹರಕೆ ಹೊತ್ತಮೇಲೆ ಹುಟ್ಟಿದವಳೇ ಪುಟ್ಟಿ. ಅತ್ತೆಯ ಬಲವಂತಕ್ಕೆ ಕಟ್ಟಿದ ತೊಟ್ಟಿಲು ಅದು. ಮಮತಾಳಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೂ ಆ ಕಪ್ಪುಕಲ್ಲಿನ ಕೂಸಿನ ಮೊಣಕಾಲು, ಬೆಣ್ಣೆ ಹಿಡಿದ ಕೈ ಅವಳಿಗೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಜನರ ಕಣ್ಣು ಅವಳ ಕಣ್ಣೂ ಆಗಿತ್ತು. ಸಿಟ್ಟು ಹೆಚ್ಚಾದದ್ದು ಅದಕ್ಕೇ.

ಮನೆಯಲ್ಲಿ ಅವಳ ಗಂಡ ಜಯಕುಮಾರ್, ಒಂದು ಡ್ಯಾನ್ಸಿಗೆ ಇಷ್ಟೊಂದು ತಲೆ ಯಾಕೆ ಕೆಡಿಸಿಕೊಳ್ಳುತ್ತೀಯ ಎಂದು ಪೇಪರಿನ ಹಿಂದೆ ಅಡಗಿದ. ಅಕ್ಕೂರಿನಿಂದ ಬಂದು ಮಗನ ಮನೆಯಲ್ಲಿದ್ದ ಅತ್ತೆ ವೆಂಕಟಲಕ್ಷ್ಮಮ್ಮ ಮಾತ್ರ ಮೊಮ್ಮಗಳ ಪರ ನಿಂತರು.

"ನಿಮ್ ಮಿಸ್ಸೇ ಬಗ್ಕೊಂಡ್ ನಿಲ್ತಾಳೆ ಕಣವ್ವ. ಅವಳ ಹೆಗಲ್ನ ಒಸಿ ಮ್ಯಾಕೆ ಎತ್ಕೊಳ್ಳಕ್ಕೇಳು, ನಮ್ ಕೂಸ್ನ ಯಾಕ್ ಬಗ್ಗಿಸ್ತಾಳೆ? ನಿಮ್ ತಾತ ದಿನಾ ಬಾಗ್ಲಿಗೆ ಹಣೆ ಚಚ್ಕೊಳ್ಳೋನು. ಬಾಗ್ಲನ್ನೇ ಬೈಯೋನೇ ಹೊರ್ತು ಒಂದಿನ ಬಗ್ತಿರ್ಲಿಲ್ಲ."

ಎಲ್ಲರೂ ನಕ್ಕರು. ಪುಟ್ಟಿ ನಗಲಿಲ್ಲ.

ಹುಡುಗಿಯ ಕುತ್ತಿಗೆ ಹೆಗಲೊಳಗೆ ಇಳಿಯತೊಡಗಿದ್ದು ಆ ದಿನಗಳಲ್ಲೇ. ನೀರು ತರಲು ಹೋದರೂ ಮೊಣಕಾಲು ಒಂದಿಷ್ಟು ಮಡಿಸಿಯೇ ನಡೆಯುತ್ತಿದ್ದಳು. ಬೆನ್ನು ನೆಟ್ಟಗೆ ಮಾಡು ಎಂದು ಮಮತಾ ಗದರಿದರೆ, ಅಭ್ಯಾಸ ಮಾಡ್ತಿದೀನಿ ಎನ್ನುವಳು. ಮೊಣಕಾಲು ಮಡಿಸಿ, ಪಾದ ಹೊರಗೆ ತಿರುಗಿಸಿ ಅರ್ಧ ಕೂರುವ ಅರಮಂಡಿ ಭರತನಾಟ್ಯದ ಮೊದಲ ಪಾಠವಾದ್ದರಿಂದ ಮಮತಾಳೂ ನಂಬಿದಳು. ಮುಖ ಸಣ್ಣಗಾಗಿದೆಯಲ್ಲ ಎನಿಸಿದಾಗಲೂ, ಬೆಳೆಯುವ ಮಕ್ಕಳು ಒಣಗುವುದು ಸಹಜ ಎಂದು ತನಗೆ ತಾನೇ ಹೇಳಿಕೊಂಡಳು.

ಡ್ರೆಸ್ ಬರುವ ಭಾನುವಾರ ಬೆಳಿಗ್ಗೆ ಹಿತ್ತಲಿನಿಂದ ಅತ್ತೆ ಕರೆದರು. ಕರಿಬೇವಿನ ಗಿಡದ ಬುಡದಲ್ಲಿ ಇರುವೆ ಸಾಲುಗಟ್ಟಿದ್ದವು, ಎಲೆಯೆಲ್ಲ ಹಳದಿಯಾಗಿತ್ತು. ಮಮತಾ ಬೇರು ಕೊಳೆತಿರಬೇಕು ಎಂದುಕೊಂಡು ಒಂದು ಚಿಟಿಕೆ ಮಣ್ಣು ತೆಗೆದು ಮೂಗಿಗೆ ಹಿಡಿದಳು. ಕೊಳೆತ ವಾಸನೆ ಅಲ್ಲ, ಒಡೆದ ಹಾಲಿನ ಹುಳಿ. ಮಣ್ಣು ಕೆದಕಿದಾಗ ಬೆಳ್ಳಗೆ ಕೆನೆಗಟ್ಟಿದ ಪದರ ಬಂತು. ಇನ್ನೊಂದಿಷ್ಟು ಕೆದಕಿದರೆ ಬೇಯಿಸಿದ ಮೊಟ್ಟೆಯ ಹಳದಿ, ಹೂತಿಟ್ಟ ಹಾಗೆ.

ಅವಳು ಕೈ ತೊಳೆಯದೆ ಒಳಗೆ ಬಂದಳು. ಪುಟ್ಟಿ ಕನ್ನಡಿಯ ಮುಂದೆ ಕೂತು ಕಣ್ಣಿಗೆ ಕಾಡಿಗೆ ಎಳೆದುಕೊಳ್ಳುತ್ತಿದ್ದಳು. ಅಮ್ಮನ ಬೆರಳಿನ ಮಣ್ಣು ನೋಡಿದ ಕೂಡಲೇ ಕಾಡಿಗೆಯ ಡಬ್ಬಿ ಮುಚ್ಚಿದಳು. ಎಷ್ಟು ದಿನದಿಂದ ಎಂದು ಕೇಳಿದರೆ ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಬಿಗಿದಳು. ಯಾರು ಹೇಳಿಕೊಟ್ಟರು ಎಂದಾಗ ತಲೆ ಎತ್ತಿದಳು.

"ನೀನೇ ತಾನೇ ಅಮ್ಮ ಹೇಳಿದ್ದು? ಪ್ರೋಟೀನು, ಕ್ಯಾಲ್ಸಿಯಂ ಸಿಗದಿದ್ರೆ ಮಕ್ಕಳು ಬೆಳೆಯಲ್ಲ ಅಂತ. ಚಾರ್ಟ್ ಬೇರೆ ಬರೆಸಿದ್ದೆ."

ಆ ಚಾರ್ಟು ಇನ್ನೂ ಅಡುಗೆಮನೆಯ ಬಾಗಿಲ ಹಿಂದೆಯೇ ಇತ್ತು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ತಾಯಿಮಗಳು ಕೂತು ಬರೆದದ್ದು: ಮೊಟ್ಟೆ, ಹಾಲು, ಬೇಳೆ, ರಾಗಿ, ಪ್ರತಿಯೊಂದರ ಎದುರಿಗೂ ಮೇಲಕ್ಕೆ ಹೋಗುವ ಬಾಣ. ಹುಡುಗಿ ಆ ಬಾಣಗಳನ್ನು ತಿರುಗಿಸಿ ಓದಿದ್ದಳು, ಅಷ್ಟೇ. ತರ್ಕದಲ್ಲಿ ತಪ್ಪಿರಲಿಲ್ಲ. ಮಮತಾಳ ಯಾವ ವಿದ್ಯಾರ್ಥಿಯೂ ಪಾಠವನ್ನು ಇಷ್ಟು ನಂಬಿ ಪ್ರಯೋಗ ಮಾಡಿರಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ಕೈ ಹಾಕಿ ಚಾರ್ಟನ್ನು ಎಳೆದು ಹರಿದಳು.

ಅತ್ತೆ ನಡುಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮೊದಲ ಬಾರಿಗೆ ಅವರಿಗೆ ತಮಾಷೆ ಹುಟ್ಟಲಿಲ್ಲ. "ತೊಟ್ಲು ಕಟ್ಟಿ ಪಡೆದ ಕೂಸು," ಎಂದಷ್ಟೇ ಹೇಳಿ ಕೂತರು.

ಹೋಗುವುದೇ ಬೇಡ ಎಂದುಬಿಡಬಹುದಿತ್ತು. ಆದರೆ ಮಮತಾಳಿಗೆ ಸುಮನಾ ಮಿಸ್ ಮುಖ ನೋಡಬೇಕಿತ್ತು. ಸ್ಕೂಟರಿನಲ್ಲಿ ಹಿಂದೆ ಕೂತ ಪುಟ್ಟಿ, ಮಿಸ್ಸಿಗೆ ಏನೂ ಹೇಳಬೇಡ, ಇವತ್ತೊಂದು ದಿನ ಸುಮ್ಮನಿರು ಎಂದು ದಾರಿಯುದ್ದಕ್ಕೂ ಬೆನ್ನಿಗೆ ಬಾಯಿಟ್ಟು ಬೇಡಿದಳು.

ಕ್ಲಾಸು ನಡೆಯುತ್ತಿದ್ದದ್ದು ಒಂದು ಛತ್ರದ ಮಹಡಿಯ ಊಟದ ಹಜಾರದಲ್ಲಿ. ಬಾಡಿಗೆ ಡ್ರೆಸ್ಸುಗಳ ಗಂಟು ಬಿಚ್ಚಿ ಹರಡಿದ್ದರು. ಎಲ್ಲಿ ನೋಡಿದರೂ ಜರಿ, ನವಿಲುಗರಿ, ಹಳೆಯ ಬೆವರಿನ ವಾಸನೆ. ಪುಟ್ಟಿಯ ಸರದಿ ಬಂದು ಮಿಸ್ ಪಕ್ಕ ನಿಂತಾಗ ಅಲ್ಲಿದ್ದವರೆಲ್ಲ ಅತ್ತಲೇ ತಿರುಗಿದರು. ಮಿಸ್ ಅವಳ ಬೆನ್ನಿಗೆ ಕೈಕೊಟ್ಟು ನೆಟ್ಟಗೆ ಮಾಡಿದರು. ನೆತ್ತಿ ಭುಜ ದಾಟಿ ಎರಡು ಬೆರಳು ಮೇಲೆ ಹೋಯಿತು. ಅಷ್ಟೂ ದಿನದ ಹಾಲು, ಮೊಟ್ಟೆ ಕರಿಬೇವಿನ ಬುಡಕ್ಕೆ ಹೋದದ್ದು ದಂಡವಾಗಿತ್ತು. ಅವಳು ಬೆಳೆದಿದ್ದಳು.

ಮೂರನೇ ತರಗತಿಯ ಹುಡುಗಿಯನ್ನು ಕರೆದು ಕಾಳಿಂಗನ ಭಾಗ ಕುಣಿಸಿ ನೋಡಿದರು. ಅದು ಪಾಪ, ನಡುವೆ ಮರೆತು ಅಮ್ಮನ ಕಡೆ ನೋಡಿ ನಿಂತಿತು. ಮಿಸ್ ತಾಳ ಹಾಕುವ ಕೋಲು ಕೆಳಗಿಟ್ಟು ಹಣೆ ಒತ್ತಿಕೊಂಡರು. ಆಮೇಲೆ ಪುಟ್ಟಿಯನ್ನೇ ವಾಪಸ್ ಕರೆದರು.

"ನೋಡು ರಮ್ಯಾ, ನಿನ್ನ ಬಿಟ್ರೆ ನಂಗೆ ಗತಿ ಇಲ್ಲ. ಯಶೋದೆ ಪಕ್ಕ ಬಂದಾಗೆಲ್ಲ ಮಂಡಿ ಮಡಿಸ್ಕೊಂಡೇ ಇರು, ಕುತ್ತಿಗೆ ಸ್ವಲ್ಪ ಒಳಗೆ ಎಳ್ಕೊ. ಯಾರಿಗೂ ಗೊತ್ತಾಗ್ಬಾರ್ದು. ನಿಭಾಯಿಸ್ತೀಯಾ?"

ಪುಟ್ಟಿ ಹರಡಿದ್ದ ಡ್ರೆಸ್ಸುಗಳಿಂದ ಒಂದು ನವಿಲುಗರಿ ಎತ್ತಿ ಹಿಡಿದು ಮಾಡಿಯೇ ತೋರಿಸಿದಳು. ಮಂಡಿ ಮಡಿಯಿತು, ಸೊಂಟ ಇಳಿಯಿತು, ಕುತ್ತಿಗೆ ಹೆಗಲೊಳಗೆ ಹೋಯಿತು. ಕಣ್ಣೆದುರಿಗೇ ಹುಡುಗಿ ಕರಗಿ ಮಿಸ್ ಭುಜದ ಕೆಳಗೆ ಸೇರಿಬಿಟ್ಟಳು. ಮುಖದಲ್ಲಿ ಮಾತ್ರ ಕೃಷ್ಣನ ನಗು. ಸುತ್ತ ನಿಂತ ತಾಯಂದಿರು ಪರವಾಗಿಲ್ಲವಲ್ಲ ಎಂದು ಮೆಚ್ಚಿಕೊಂಡರು. ಇದು ಒಂದು ದಿನದ ಕಸರತ್ತಲ್ಲ, ತಿಂಗಳುಗಟ್ಟಲೆ ಮನೆಯೊಳಗೆ ತನ್ನ ಕಣ್ಣಮುಂದೆಯೇ ತಾಲೀಮು ಮಾಡಿದ್ದು ಎಂದು ತಿಳಿದವಳು ಮಮತಾ ಒಬ್ಬಳೇ.

ಮಿಸ್ಸಿಗೆ ನಿರಾಳವಾಯಿತು. ರಾಮನಗರದ ಮೊದಲ ಶೋ ಆದಮೇಲೆ ಕನಕಪುರ, ಮಾಗಡಿಯಲ್ಲೂ ಶೋ ಇದೆ ಎಂದು ನೆನಪಿಸಿ, ಪುಟ್ಟಿಯ ತಲೆಯನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ನಕ್ಕರು. "ದೀಪಾವಳಿ ಕಳೆಯೋವರ್ಗೂ ಇನ್ನು ಬೆಳೀಬೇಡ ಕಣೆ, ಅಷ್ಟು ಉಪಕಾರ ಮಾಡು."

"ಇಲ್ಲ ಮಿಸ್, ಬೆಳೆಯಲ್ಲ," ಎಂದಳು ಪುಟ್ಟಿ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಮಮತಾ ಡ್ರೆಸ್ಸುಗಳನ್ನು ತುಳಿದುಕೊಂಡೇ ಮುಂದೆ ಬಂದು ಮಗಳ ತಲೆಯ ಮೇಲಿದ್ದ ಕೈಯನ್ನು ತೆಗೆದು ಪಕ್ಕಕ್ಕಿಟ್ಟಳು. ಕಿರುಚಬೇಕೆಂದುಕೊಂಡು ಬಂದವಳ ದನಿ ತರಗತಿಯಲ್ಲಿ ಬರುವಷ್ಟೇ ಬಂತು.

"ನನ್ನ ಮಗಳು ಇವತ್ತು ಬರೀ ಹೊಟ್ಟೇಲಿ ಬಂದಿದಾಳೆ ಮಿಸ್. ನಿಮ್ಮ ಭುಜದ ಕೆಳಗಿರ್ಬೇಕು ಅಂತ ಹಾಲು ಗಿಡಕ್ಕೆ ಸುರಿದಿದಾಳೆ, ಮೊಟ್ಟೆ ಮಣ್ಣಲ್ಲಿ ಹೂತಿದಾಳೆ. ಈಗ ದೀಪಾವಳಿವರ್ಗೂ ಹಾಗೇ ಇರು ಅಂತೀರಾ?"

ಸುಮನಾ ಮಿಸ್ ಮುಖ ಬಿಳಿಚಿಕೊಂಡಿತು. ತಾನು ಹಾಗೆಂದು ಹೇಳಿಲ್ಲ, ಮಕ್ಕಳ ಜೊತೆ ಎಲ್ಲರೂ ಆಡುವ ಮಾತಲ್ಲವೇ ಅದು, ತನಗೇನು ಗೊತ್ತು ಎಂದು ತಡವರಿಸಿದರು. ಅದು ನಿಜವೇ ಎಂದು ಮಮತಾಳಿಗೂ ಗೊತ್ತಿತ್ತು. ನಿಜವಾದ್ದರಿಂದ ಸಿಟ್ಟು ಇಳಿಯಲಿಲ್ಲ. ನಿಲ್ಲಲು ಒಂದು ಜಾಗ ಸಿಗದೆ ಇನ್ನಷ್ಟು ಉರಿಯಿತು. ಮಗಳು ಕುಣಿಯುವುದಾದರೆ ನೆಟ್ಟಗೆ ನಿಂತು ಕುಣಿಯುತ್ತಾಳೆ, ಯಶೋದೆ ಬೇಕಾದರೆ ಮಣೆಯ ಮೇಲೆ ಹತ್ತಲಿ ಎಂದಳು. ಮಿಸ್ ಯೋಚಿಸಿದರು. ಯೋಚಿಸಿದ್ದು ಎಲ್ಲರಿಗೂ ಕಂಡಿತು. ಆಮೇಲೆ ಆಗದು ಎಂದು ತಲೆಯಾಡಿಸಿದರು.

"ಓಡಿ ಹಿಡಿಯೋ ದೃಶ್ಯ ಮೇಡಂ. ಮಣೆ ಹೊತ್ಕೊಂಡು ಓಡಕ್ಕಾಗುತ್ತಾ? ಜನ ನಗ್ತಾರೆ. ಆ ನಗು ಬೀಳೋದು ನಿಮ್ಮ ಮಗು ಮೇಲೇ."

"ಹಾಗಾದ್ರೆ ಬೇಡ. ಇವಳು ಮಾಡಲ್ಲ."

ಪುಟ್ಟಿ ಇನ್ನೂ ಮಂಡಿ ಮಡಿಸಿಯೇ ಇದ್ದಳು. "ಮಾಡ್ತೀನಿ," ಎಂದಳು, ಮೊದಲು ಮಿಸ್ಸಿಗೆ, ಆಮೇಲೆ ಅಮ್ಮನಿಗೆ. ಮಮತಾ ಅವಳ ಎರಡೂ ತೋಳು ಹಿಡಿದು ಮೇಲಕ್ಕೆತ್ತಿ ನಿಲ್ಲಿಸಿದಳು. ಹುಡುಗಿ ಮತ್ತೆ ಕುಸಿದಳು. ಮತ್ತೆ ಎತ್ತಿದಳು. ಅಷ್ಟು ಜನರ ಮುಂದೆ ಆ ಎಳೆದಾಟ ನಡೆಯಿತು. ಕೊನೆಗೆ ಪುಟ್ಟಿಯೇ ಕೈ ಕೊಡವಿಕೊಂಡು, ಹಿಡಿದಿದ್ದ ನವಿಲುಗರಿಯನ್ನು ನೆಲಕ್ಕೆಸೆದು ಮೆಟ್ಟಿಲಿಳಿದುಹೋದಳು.

ವಾಪಸ್ ಬರುವಾಗ ಅವಳು ಅಮ್ಮನ ಸೊಂಟ ಹಿಡಿಯಲಿಲ್ಲ. ಸ್ಕೂಟರಿನ ಹಿಂದಿನ ಕಂಬಿ ಹಿಡಿದು ಕೂತಳು. ಮನೆಯ ಗೇಟು ಬಂದಾಗ ಮಾತ್ರ ಬಾಯಿ ಬಿಟ್ಟಳು. ಮಿಸ್ ಕೊಟ್ಟಿದ್ದರು, ನೀನು ಕಿತ್ತುಕೊಂಡೆ ಎಂದಳು. ದನಿಯಲ್ಲಿ ಅಳು ಇರಲಿಲ್ಲ. ತನ್ನದೇ ಸಿಟ್ಟು ಮಗಳ ಗಂಟಲಿನಿಂದ ಬರುವುದನ್ನು ಮಮತಾ ಕೇಳಿದಳು.

ಅತ್ತೆ ಮುದ್ದೆ ಕಟ್ಟಿಟ್ಟಿದ್ದರು, ಬಸ್ಸಾರು ಬಿಸಿಯಿತ್ತು. ಹೋದ ಕೆಲಸ ಏನಾಯಿತೆಂದು ಮುಖ ನೋಡಿಯೇ ತಿಳಿದವರ ಹಾಗೆ ಅವರು ತಟ್ಟೆ ಹಾಕಿದರು. ಪುಟ್ಟಿ ಕಾಡಿಗೆಯನ್ನೂ ತೊಳೆಯದೆ ತಟ್ಟೆಯ ಮುಂದೆ ಕೂತಳು.

"ಒಸಿ ಹಾಕ್ಲಾ ಮಗ, ಅರ್ಧ?" ಎಂದರು ಅಜ್ಜಿ, ಹೆದರಿಕೆಯಿಂದ.

"ಪೂರ್ತಿ ಹಾಕು."

ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತುತ್ತು ತುತ್ತಾಗಿ ನುಂಗತೊಡಗಿದಳು. ಅಜ್ಜಿ ಎರಡು ಮೊಟ್ಟೆ ಸುಲಿದಿಟ್ಟರೆ ಎರಡೂ ಹೋದವು. ಬಾಗಿಲಲ್ಲಿ ನಿಂತ ಮಮತಾಳ ಕಡೆ ತಿರುಗದೆಯೇ, ಅವಳಿಗೆ ಕೇಳಲೆಂದೇ ಹೇಳಿದಳು.

"ಊಟ ಇನ್ಯಾಕೆ ಬಿಡ್ಲಿ? ಪಾತ್ರ ಹೋಯ್ತಲ್ಲ."

ಮಮತಾ ಅಡುಗೆಮನೆಗೆ ಹೋದಳು. ಚಾರ್ಟು ಹರಿದ ಜಾಗದಲ್ಲಿ ಗೋಡೆಗೆ ಅಂಟಿನ ಚೂರುಗಳು ಉಳಿದಿದ್ದವು. ಹಾಲು ಕಾಯಿಸಿ, ದೊಡ್ಡ ಲೋಟಕ್ಕೆ ತುಂಬಿ ತಂದು ಮಗಳ ಮುಂದಿಟ್ಟಳು. ಪುಟ್ಟಿ ಅದನ್ನೆತ್ತಿ, ಲೋಟದ ಅಂಚಿನ ಮೇಲಿಂದ ತಾಯಿಯನ್ನೇ ದುರುಗುಟ್ಟಿ ನೋಡುತ್ತ, ಉಸಿರು ಬಿಡದೆ ಕುಡಿದಳು. ಖಾಲಿ ಲೋಟವನ್ನು ನೆಲಕ್ಕೆ ಕುಟ್ಟಿ ಅವಳ ಕಡೆಗೆ ತಳ್ಳಿದಳು.

"ಇನ್ನೊಂದು ಲೋಟ."

ಮಮತಾ ಲೋಟ ತೆಗೆದುಕೊಂಡು ಒಳಗೆ ಹೋದಳು.